ಷಡ್ಡಕನಿಗಾಗಿ ತಿಳಿಯಾದ ನೀರು

ನಟರಾಜು ಮಾಡಿದ ತಪ್ಪು ಒಂದೇ. ಮನೆಯ ಹಿಂದೆ ಕಟ್ಟಿಸಿದ ಈಜುಕೊಳದ ಫೋಟೋ ತೆಗೆದು ಬಂಧುಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದ.

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ನಟರಾಜುವಿಗೆ ಈಜು ಬರುವುದಿಲ್ಲ. ಹೆಂಡತಿ ಪ್ರಮೀಳಾಗೆ ತಣ್ಣೀರಿನಲ್ಲಿ ಕಾಲಿಟ್ಟರೆ ಸೀನು. ಆದರೂ ಕೊಳ ಕಟ್ಟಿಸಿದ್ದಕ್ಕೆ ಕಾರಣ ಮೈಸೂರಿನಲ್ಲಿತ್ತು. ಪ್ರಮೀಳಾಳ ಅಕ್ಕನ ಗಂಡ, ಅಂದರೆ ನಟರಾಜುವಿನ ಷಡ್ಡಕ ಮಹದೇವಪ್ರಸಾದ್, ಮಾವನ ಮನೆಯ ಯಾವ ಸಮಾರಂಭದಲ್ಲೂ ಅವನನ್ನು 'ಇವನು ನಮ್ಮ ಶಾಮಿಯಾನ' ಎಂದೇ ಪರಿಚಯಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಟರಾಜುವೂ ನಗುತ್ತಿದ್ದ, ಮನೆಗೆ ಬಂದು ಊಟ ಬಿಡುತ್ತಿದ್ದ. ಆ ಬಾಯಿಂದ ಒಂದು ಸಲ, ಒಂದೇ ಒಂದು ಸಲ, 'ಪರವಾಗಿಲ್ಲ ಕಣಯ್ಯ' ಅನ್ನಿಸಬೇಕೆಂಬುದು ಅವನ ಬದುಕಿನ ಆಸೆ. ಕೊಳ ಹುಟ್ಟಿದ್ದು ಆ ಆಸೆಯಿಂದ.

ಫೋಟೋ ನೋಡಿದ ಷಡ್ಡಕ ಬರೆದ: 'ಭಾನುವಾರ ಸಂಜೆ ಬರ್ತೀನಿ. ಟವಲ್ ನಾನೇ ತರ್ತೀನಿ.'

ಭಾನುವಾರ ಬೆಳಿಗ್ಗೆ ನಟರಾಜು ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದರೆ, ನೀರು ಸೊಪ್ಪು ರುಬ್ಬಿದಂತೆ ಹಸಿರಾಗಿತ್ತು. ಮದುವೆ ಸೀಸನ್ನಿನ ಓಡಾಟದಲ್ಲಿ ಕ್ಲೋರಿನ್ ಪುಡಿ ಹಾಕುವುದನ್ನೇ ಮರೆತಿದ್ದ. ಬೇರೆ ನೀರು ತುಂಬಿಸೋಣವೆಂದರೆ ಊರಿನ ಬೋರಿನ ಮೋಟಾರು ಸುಟ್ಟು ನಲ್ಲಿಗಳು ಬತ್ತಿದ್ದವು, ಟ್ಯಾಂಕರಿನವರು ಫೋನೇ ಎತ್ತುತ್ತಿರಲಿಲ್ಲ. ಇದ್ದ ನೀರನ್ನೇ ಸಂಜೆಯೊಳಗೆ ತಿಳಿ ಮಾಡಬೇಕಿತ್ತು.

ಕೊಳ ಕಟ್ಟಿದವರು ಒಂದು ಪರೀಕ್ಷೆಯ ಡಬ್ಬಿ ಕೊಟ್ಟು ಹೋಗಿದ್ದರು. ಪುಟ್ಟ ಬಾಟಲಿಯಲ್ಲಿ ಕೊಳದ ನೀರು ಹಿಡಿದು ಡಬ್ಬಿಯಲ್ಲಿದ್ದ ದ್ರಾವಣದ ಹನಿ ಬಿಟ್ಟರೆ ಬಣ್ಣ ಬರುತ್ತದೆ. ಅರಿಶಿನದ ಬಣ್ಣ ಬಂದರೆ ನೀರು ಹುಳಿ, ಕುಂಕುಮದ ಬಣ್ಣ ಬಂದರೆ ಕ್ಷಾರ, ಕಿತ್ತಳೆ ಬಂದರೆ ಹದ. ಹದ ತಪ್ಪಿದ ನೀರಿಗೆ ಕ್ಲೋರಿನ್ ಎಷ್ಟು ಸುರಿದರೂ ದಂಡ. ನಟರಾಜು ಹನಿ ಬಿಟ್ಟ. ಕುಂಕುಮ ಬಂತು. ಅಳತೆ ಮಾಡಿ ಆಸಿಡ್ ಹಾಕಿದ, ಕಾದು ಕ್ಲೋರಿನ್ ಹಾಕಿದ, ಫಿಲ್ಟರ್ ಓಡಿಸಿ ತಿಂಡಿಗೆ ಕೂತ.

ತಿಂಡಿ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಸಣ್ಣಬೀರಯ್ಯ ಬೇಲಿ ದಾಟಿ ಬಂದು, ಕೊಳದ ಅಂಚಿನಲ್ಲಿ ಖಾಲಿ ಚೀಲ ಕೊಡವುತ್ತಿದ್ದ.

"ಇದ್ಯಾಕ್ಲಾ ನಟರಾಜ, ನೀರು ಇಂಗೆ ಪಾಚಿಗಟ್ಟೈತೆ? ನಮ್ಮವ್ವ ಕೊಡದ ನೀರ್ಗೆ ಪಟಿಕ ಆಡುಸ್ತಿದ್ಲು. ಅದ್ಕೇ ನಾನೂ ಒಸಿ ಆಕ್ದೆ."

"ಒಸಿ ಅಂದ್ರೆ ಎಷ್ಟಣ್ಣ?"

"ಅಂಗ್ಡೀಲಿ ಇದ್ದಷ್ಟೂವೆ."

ನಟರಾಜು ಹನಿ ಬಿಟ್ಟು ನೋಡಿದ. ಅಪ್ಪಟ ಅರಿಶಿನ. ಹುಳಿ ಇಳಿಸಲು ಸ್ವಲ್ಪ ವಾಷಿಂಗ್ ಸೋಡಾ ಬೇಕೆಂದು ಪೇಂಟಿನ ಅಂಗಡಿಯ ಗಯಾಸುದ್ದೀನ್‌ಗೆ ಫೋನ್ ಮಾಡಿದ. ಗಯಾಸುದ್ದೀನ್ ಸ್ನೇಹಕ್ಕೆ ಪ್ರಾಣ ಕೊಡುವ ಮನುಷ್ಯ. ಸ್ಕೂಟರಿನಲ್ಲಿ ಮೂಟೆಯನ್ನೇ ಹೊತ್ತು ತಂದು, ನಟರಾಜು ಅಳತೆಯ ಲೋಟ ಹುಡುಕುವಷ್ಟರಲ್ಲಿ ಪೂರ್ತಿ ಸುರಿದಿದ್ದ.

"ಲೋಟದಲ್ಲಿ ಯಾಕೆ ಅಳೀತೀರಿ ನಟ್ರಾಜಣ್ಣ, ನಾನೇನು ದುಡ್ಡು ಕೇಳಿದ್ನಾ? ದೋಸ್ತಿ ಮುಖ್ಯ ಅಲ್ವಾ."

ಮತ್ತೆ ಕುಂಕುಮ. ಅಷ್ಟರಲ್ಲಿ ಪ್ರಮೀಳಾ ಒಂದು ಬೇಸಿನ್ ತುಂಬ ಹುಣಸೆಹಣ್ಣು ಕಿವುಚಿ ತಂದಳು. "ಹಿತ್ತಾಳೆ ಬಿಂದಿಗೆ ಬೆಳಗೋಲ್ವಾ, ಹಂಗೇ ಕಣ್ರೀ," ಎಂದು ಬಗ್ಗಿಸಿಯೇಬಿಟ್ಟಳು.

ನಟರಾಜು ಎಲ್ಲರನ್ನೂ ಹೊರಗೆ ದಬ್ಬಿ, ಹಿತ್ತಿಲ ಗೇಟು ಹಾಕಿ, ಶಾಮಿಯಾನದ ಕಂಬವೊಂದನ್ನು ಹಿಡಿದು ಕಾವಲು ಕೂತ. ಪಟಿಕಕ್ಕೆ ಕೆಳಗಿಳಿದ ಪಾಚಿಯನ್ನು ಪೈಪಿನಲ್ಲಿ ಎಳೆದು ಹಾಕಿದ. ಒಂದು ಚಮಚ ಆಸಿಡ್, ಒಂದು ಹನಿ. ಇನ್ನೊಂದು ಚಮಚ, ಇನ್ನೊಂದು ಹನಿ. ಊಟಕ್ಕೂ ಏಳಲಿಲ್ಲ. ಹೊತ್ತು ಇಳಿಯುವ ವೇಳೆಗೆ ಬಾಟಲಿಯಲ್ಲಿ ಕಿತ್ತಳೆ ಬಣ್ಣ ಬಂತು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಟೈಲ್ಸಿನ ಮೇಲೆ ಬಿದ್ದಿದ್ದ ಹುಣಸೆ ನಾರೂ ಕಾಣುತ್ತಿತ್ತು. ನಟರಾಜುವಿಗೆ ಕಣ್ಣು ತುಂಬಿ ಬಂತು.

ಇಂಥ ನೀರನ್ನು ಯಾರಿಗೂ ತೋರಿಸದೆ ಇರುವುದು ಹೇಗೆ? ಊರಿಗೆ ನೀರು ಬಿಡುವ, ಮೋಟಾರು ಸುಟ್ಟ ಮೇಲೆ ಕೆಲಸವಿಲ್ಲದೆ ಬೀದಿ ಸುತ್ತುತ್ತಿದ್ದ ನೀರುಗಂಟಿ ಅಣ್ಣಯ್ಯನನ್ನು ತಾನೇ ಕರೆದ. ಊರಿನ ಟ್ಯಾಂಕಿಗೆ ಕ್ಲೋರಿನ್ ಔಷಧಿ ಬಿದ್ದಿದೆಯೋ ಇಲ್ಲವೋ ನೋಡುವ ಬಾಟಲಿ ಅಣ್ಣಯ್ಯನ ಜೇಬಿನಲ್ಲಿತ್ತು. ಅವನು ಕೊಳದ ನೀರಿಗೆ ಹನಿ ಬಿಟ್ಟು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ.

"ಬಣ್ಣ ಬಂತಲ್ರೀ. ನಾನ್ ಕೆಲ್ಸಕ್ ಸೇರ್ದಾಗಿಂದ ನಮ್ ಟ್ಯಾಂಕಿನ್ ನೀರ್ಗೆ ಬಣ್ಣ ಬಂದಿಲ್ಲ ಕಣ್ರೀ. ಬಾಟ್ಲಿನೇ ಕೆಟ್ಟೋಗೈತೆ ಅನ್ಕಂಡಿದ್ದೆ."

ಆ ಹೊಗಳಿಕೆಗೆ ನಟರಾಜುವಿನ ತಲೆ ಅಲ್ಲೇ ತಿರುಗಿತು. "ಕುಡೀಬೋದು ಕಣಣ್ಣ ಇದ್ನ. ಬೇಕಾದ್ರೆ ನೋಡು," ಎಂದು ಒಂದು ಲೋಟ ಮೊಗೆದು ಗಟಗಟ ಕುಡಿದ. ಅಣ್ಣಯ್ಯ ಅದನ್ನು ಮೊಬೈಲಿನಲ್ಲಿ ಹಿಡಿದು, ಬೀದಿಯವರ ಗುಂಪಿಗೆ ಕಳಿಸಿ, ಕೆಳಗೆ ಬರೆದ: 'ನಟರಾಜಣ್ಣನ ಮನೇಲಿ ಕುಡಿಯೋ ನೀರು ಐತೆ.'

ಮೊದಲು ಬಂದವಳು ಎದುರು ಮನೆಯ ಪುಟ್ಟತಾಯಮ್ಮ. ಸೊಂಟದಲ್ಲೊಂದು ಕೊಡ, ಕೈಯಲ್ಲೊಂದು ಕೊಡ. ಹಿಂದೆ ಇಡೀ ಬೀದಿ.

"ಇದು ಈಜೋ ನೀರು ಕಣವ್ವ," ಎಂದ ನಟರಾಜು.

"ನೀನ್ ಕುಡುದಿದ್ದ ನೋಡೇ ಬಂದಿವ್ನಿ ಕಣಪ್ಪ. ನೀನ್ ಕುಡುದ್ರೆ ಕುಡಿಯೋ ನೀರು, ನಾವ್ ಕೇಳುದ್ರೆ ಈಜೋ ನೀರಾ?"

"ಸಂಜೆ ನಮ್ಮ ಷಡ್ಡಕ್ರು ಬತ್ತಾವ್ರೆ. ಅವ್ರು ಒಂದ್ಸಲ ಇಳುದು ಎದ್ಮೇಲೆ ಎಲ್ಲಾನೂ ತಕಂಡೋಗಿ."

"ನಿನ್ ಷಡ್ಡಕ ಮೈ ತೊಳ್ಕಂಡ್ ನೀರ ನನ್ ಮೊಮ್ಮಕ್ಕಳು ಕುಡೀಬೇಕಾ?"

ನಟರಾಜು ಗೇಟಿನಿಂದ ಪಕ್ಕಕ್ಕೆ ಸರಿದ. ಕೊಡಗಳು ಸಾಲಾಗಿ ಇಳಿದವು. ಹೊರಲಾರದ ಮುದುಕರಿಗೆ ಅನುಕೂಲವಾಗಲೆಂದು ಸಣ್ಣಬೀರಯ್ಯ ತನ್ನ ಡೀಸೆಲ್ ಪಂಪು ತಂದು, ಬೀದಿಯ ಮಿನಿ ಟ್ಯಾಂಕಿಗೆ ಪೈಪು ಎಳೆದ. ಅವನ ಉಪಕಾರಬುದ್ಧಿಗೆ ಅವತ್ತು ಬಿಡುವೇ ಇರಲಿಲ್ಲ.

ಮಹದೇವಪ್ರಸಾದ್ ಚಡ್ಡಿ ತೊಟ್ಟು, ಹೆಗಲಿಗೆ ಟವಲ್ ಹಾಕಿಕೊಂಡು ಕಾರಿನಿಂದ ಇಳಿದಾಗ ನಟರಾಜು ಕೊಳದ ತಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಪುಟ್ಟತಾಯಮ್ಮನ ಕೊನೆಯ ಕೊಡಕ್ಕೆ ಚೊಂಬಿನಿಂದ ನೀರು ಮೊಗೆಯುತ್ತಿದ್ದ. ತಲೆ ಎತ್ತಲು ಅವನಿಗೆ ಧೈರ್ಯವಾಗಲಿಲ್ಲ.

"ಏನಯ್ಯ ಶಾಮಿಯಾನ, ನೀರೆಲ್ಲಿ?"

ನಟರಾಜು ನಡೆದದ್ದನ್ನೆಲ್ಲ ಹೇಳಿದ. ಮಹದೇವಪ್ರಸಾದ್ ನಗಲಿಲ್ಲ. ಸಾಲಾಗಿ ನಿಂತ ಹೆಂಗಸರನ್ನೊಮ್ಮೆ ನೋಡಿದ. ಕಾರಿಗೆ ಹೋಗಿ ಪ್ಯಾಂಟು, ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ. ನಟರಾಜುವಿನ ಕೈಯಿಂದ ಕೊಡ ತೆಗೆದುಕೊಂಡು, ತನ್ನ ಮೊಬೈಲನ್ನು ಅವನ ಕೈಗಿಟ್ಟು, ಪುಟ್ಟತಾಯಮ್ಮನ ಕಡೆ ಕೊಡ ಚಾಚಿ ನಿಂತ.

"ಹೊಡಿ ಒಂದು ಫೋಟೋ. ಕೊಡ ಪೂರ್ತಿ ಬರಲಿ."

ನಟರಾಜು ಹಳ್ಳದಲ್ಲಿ ನಿಂತೇ ಹೊಡೆದ. ಆ ನಿಮಿಷವೇ ಫೋಟೋ ಬಂಧುಗಳ ಗುಂಪಿಗೆ ಹೋಯಿತು: 'ಹ್ಯಾಂಡ್‌ಪೋಸ್ಟ್ ಬಳಿ ಮಹದೇವಪ್ರಸಾದ್ ಅವರಿಂದ ಉಚಿತ ಕುಡಿಯುವ ನೀರು ವಿತರಣೆ.' ಮಾವನವರು 'ಅಳಿಯ ಅಂದರೆ ಹೀಗಿರಬೇಕು' ಎಂದು ಬರೆದರು. ಪ್ರಮೀಳಾ ಅಡುಗೆಮನೆಯಿಂದಲೇ ಕೈಮುಗಿಯುವ ಚಿತ್ರ ಹಾಕಿದಳು.

ಮಹದೇವಪ್ರಸಾದ್ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ತನ್ನ ಮುಖ ನೋಡಿಕೊಂಡ. ಆಮೇಲೆ ಬಗ್ಗಿ, ಕೊಳದೊಳಗಿದ್ದ ನಟರಾಜುವಿನ ಬೆನ್ನು ತಟ್ಟಿದ.

"ಪರವಾಗಿಲ್ಲ ಕಣಯ್ಯ," ಎಂದ. "ಫೋಟೋ ಚೆನ್ನಾಗಿ ತೆಗೀತೀಯ."