ಹೆಂಡತಿಯನ್ನು ಮೂರನೇ ದರ್ಜೆಗೆ ಏರಿಸಿದ್ದು

ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸುವ ಗಂಡಸು ಇಡೀ ಕಾಸೆಲ್ ನಗರದಲ್ಲೇ ಇಲ್ಲ ಎಂದು ಮದುವೆಯ ದಿನವೇ ಘೋಷಿಸಿದ್ದೆ. ನಾನು ಅಳತೆ-ತೂಕ ಇಲಾಖೆಯ ಇನ್ಸ್‌ಪೆಕ್ಟರ್. ಮಾಂಸದಂಗಡಿಯ ತಕ್ಕಡಿ ಎರಡು ಗ್ರಾಂ ಸುಳ್ಳು ಹೇಳಿದರೂ ಬೀಗ ಜಡಿಸಿ ಬರುವವನು. ಯಾವ ಫಾರಂನಲ್ಲೂ ಒಂದು ಚೌಕವನ್ನೂ ಖಾಲಿ ಬಿಟ್ಟವನಲ್ಲ. ನಮ್ಮಪ್ಪನೂ ಬಿಟ್ಟವರಲ್ಲ!

ಸೆಪ್ಟೆಂಬರಿನಲ್ಲಿ ಮದುವೆಯಾಯಿತು. ಮೂರನೇ ದಿನ ನನ್ನ ಹೆಂಡತಿ ವೀಬ್ಕೆ ಉತ್ತರಕ್ಕೆ ಹೊರಟಳು. ಸಮುದ್ರದ ಬಳಿ ಹಡಗುಗಳು ಹಾಯುವ ಕಾಲುವೆಯ ಬಾಗಿಲು ತೆಗೆದು ಮುಚ್ಚುವುದು ಅವಳ ಕೆಲಸ. ನನ್ನ ಮನೆಯಿಂದ ಅಲ್ಲಿಗೆ ಮೂರು ರೈಲು, ಒಂದು ಬಸ್ಸು. ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ನಾನು ಎರಡು ಮೊಟ್ಟೆ ಬೇಯಿಸಿ, ಒಂದನ್ನು ತಿಂದು, ಇನ್ನೊಂದನ್ನು ನೋಡುತ್ತ ಕೂರುತ್ತಿದ್ದೆ. ಸುಳ್ಳೇಕೆ, ಅವಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು.

ಆಗ ಹೊಳೆದದ್ದು ಈ ಮಹಾ ಉಪಾಯ. ಮದುವೆಯಾದವರ ಸಂಬಳವನ್ನು ನಮ್ಮಲ್ಲಿ ನಾಲ್ಕನೇ ತೆರಿಗೆ ದರ್ಜೆಗೆ ಹಾಕುತ್ತಾರೆ. ಬೇಕಿದ್ದರೆ ಒಬ್ಬರು ಮೂರಕ್ಕೆ ಏರಬಹುದು, ಕಡಿತ ಕಡಿಮೆ. ಆಗ ಇನ್ನೊಬ್ಬರು ಐದಕ್ಕೆ ಇಳಿಯಬೇಕು, ಕಡಿತ ಕುತ್ತಿಗೆಗೇ ಬರುತ್ತದೆ. ಒಂದನೆಯದು ಯಾರದ್ದೆಂದು ನಾನು ನೋಡಲಿಲ್ಲ. ವೀಬ್ಕೆಯನ್ನು ಮೂರಕ್ಕೆ ಏರಿಸಿ ನಾನು ಐದಕ್ಕೆ ಇಳಿಯುತ್ತೇನೆ, ಉಳಿದ ಹಣದಲ್ಲಿ ಅವಳು ಪ್ರತಿ ಶುಕ್ರವಾರ ರೈಲು ಹತ್ತುತ್ತಾಳೆ! ಚರಿತ್ರೆಯಲ್ಲಿ ಯಾವ ಗಂಡ ಇಂಥ ತ್ಯಾಗ ಮಾಡಿದ್ದಾನೆ?

ತೆರಿಗೆ ಕಚೇರಿಯಿಂದ ಫಾರಂಗಳ ಕಂತೆ ತಂದೆ. ನವೆಂಬರಿನಲ್ಲಿ ಬಂದಾಗ ಅವಳು ದರ್ಜೆ ಬದಲಿಸುವ ಫಾರಂಗೆ ಸಹಿ ಹಾಕಿದಳು. ನಿನಗೆ ಫಾರಂ ಗೊತ್ತಾಗುತ್ತದೆ ತಾನೇ ಎಂದು ಕೇಳಿದಳು. ನಾನು ನಕ್ಕೆ. ಅವಳು ಹೋದ ಮೇಲೆ ನೋಡಿದರೆ ಆ ಕಂತೆಯಲ್ಲಿ ಇನ್ನೊಂದು ಹಾಳೆಯಿತ್ತು. ಅದಕ್ಕೆ ಗಂಡ ಹೆಂಡಿರಲ್ಲಿ ಒಬ್ಬರ ಸಹಿ ಸಾಕು. ‘ಯಾವ ದಿನಾಂಕದಿಂದ ಬೇರೆ ಬೇರೆ ವಾಸವಾಗಿದ್ದೀರಿ?’ ಎಂದು ಅದು ಕೇಳುತ್ತಿತ್ತು. ಅಷ್ಟು ದಿನಗಳಲ್ಲಿ ನನ್ನ ಸಂಕಟವನ್ನು ವಿಚಾರಿಸಿದ ಮೊದಲ ಕಾಗದ ಅದು! ಅವಳು ರೈಲು ಹತ್ತಿದ ತಾರೀಖು ಬರೆದೆ. ಜಾಗ ಉಳಿದಿತ್ತು. ‘ತುಂಬಾ ಕಷ್ಟವಾಗುತ್ತಿದೆ’ ಎಂದೂ ಸೇರಿಸಿ, ಎರಡನ್ನೂ ಒಟ್ಟಿಗೆ ಅಂಚೆಗೆ ಹಾಕಿದೆ.

ಜನವರಿಯ ಸಂಬಳದ ಚೀಟಿ ಬಂದ ದಿನ ವೀಬ್ಕೆಯ ಫೋನು.

“ಹೆನ್ನಿಂಗ್, ನಾನು ಒಂದನೇ ದರ್ಜೆಲಿದೀನಿ.”

“ನನ್ನದೂ ಒಂದೇ. ಮೂರು ಕೇಳಿದ್ರೆ ಒಂದು ಕೊಟ್ಟಿದಾರೆ, ನೋಡು ನನ್ನ ಕೈಗುಣ.”

“ಅದು ಗಂಡ ಬಿಟ್ಟೋರಿಗೆ ಕೊಡೋ ದರ್ಜೆ ಕಣೋ. ಸಂಬಳದ ವಿಭಾಗದ ಗೇಸಾ ಸೇಬಿನ ಕೇಕ್ ಮಾಡ್ಕೊಂಡು ಬಂದಿದಾಳೆ ನನ್ನ ಸಮಾಧಾನಕ್ಕೆ. ನಾಲ್ಕು ತಿಂಗಳಿಗೇ ನಿನಗೆ ನಾನು ಸಾಕಾದೆನಾ?”

ಕೊನೆಯ ಮಾತಿಗೆ ಅವಳ ದನಿ ನಡುಗಿತು. ನಾನು ಇಟ್ಟುಕೊಂಡಿದ್ದ ನಕಲನ್ನು ತೆಗೆದು ನೋಡಿದೆ. ಆ ಹಾಳೆ ಮುರಿದುಬಿದ್ದ ಸಂಸಾರಗಳಿಗೆ ಮೀಸಲಂತೆ! ಕೆಲಸಕ್ಕಾಗಿ ದೂರವಿರುವವರು ಅದನ್ನು ಮುಟ್ಟಲೇಬಾರದಂತೆ. ಮೇಲ್ಗಡೆ ದಪ್ಪ ಅಕ್ಷರದಲ್ಲೇ ಬರೆದಿದ್ದರು. ನಾನು ಚೌಕಗಳನ್ನು ಓದುವವನು, ತಲೆಬರಹವನ್ನಲ್ಲ.

ಅದನ್ನು ಸರಿಪಡಿಸಲೂ ಒಂದು ಫಾರಂ ಇತ್ತು, ಮತ್ತೆ ಒಂದಾದವರದು. ಅದಕ್ಕೆ ಮಾತ್ರ ಇಬ್ಬರ ಸಹಿಯೂ ಬೇಕು. ಅಂಚೆಯಲ್ಲಿ ಕಳಿಸುತ್ತೇನೆ ಎಂದೆ. ನೀನು ಮತ್ತೆ ಪೆನ್ನು ಮುಟ್ಟಬೇಡ ಎಂದವಳೇ ಮಂಗಳವಾರ ರಜೆ ಹಾಕಿ ಬಂದಳು. ಕೂದಲಲ್ಲಿ ಇನ್ನೂ ಸಮುದ್ರದ ವಾಸನೆಯಿತ್ತು. ಬೈಸಿಕೊಳ್ಳಲು ನಿಂತವನು ಅದನ್ನೇ ಮೂಸುತ್ತ ನಿಂತೆ.

ತೆರಿಗೆ ಕಚೇರಿಯಲ್ಲಿ ಕನ್ನಡಕದ ಹೆಂಗಸೊಬ್ಬರು ನಮ್ಮ ಹಳೆಯ ಹಾಳೆಯನ್ನು ತೆಗೆದರು. ‘ತುಂಬಾ ಕಷ್ಟವಾಗುತ್ತಿದೆ’ ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ವೀಬ್ಕೆಯೂ ಬಗ್ಗಿ ಓದಿದಳು. ಅಲ್ಲಿಂದಾಚೆ ಅವಳು ಬೈಯಲಿಲ್ಲ. ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

“ಯಾವತ್ತಿಂದ ಒಂದಾಗಿದೀರಿ ಅಂತ ಬರೀಲಿ?” ಎಂದರು ಆಕೆ.

ನಾವು ಬೇರೆಯಾಗಿದ್ದಾದರೂ ಯಾವತ್ತು ಎಂದು ನಾನು ವಾದಕ್ಕೆ ಬಾಯಿ ತೆರೆದೆ. ವೀಬ್ಕೆ ಪೆನ್ನು ಕಸಿದುಕೊಂಡು ಅಂದಿನ ತಾರೀಖು ಬರೆದಳು.

ಹೊರಗೆ ಬಂದು ಕೇಳಿದೆ, ಸಂಜೆಯ ರೈಲಿಗೆ ಹೋಗುವವಳು ಇವತ್ತಿನಿಂದ ಎಂದು ಹೇಗೆ ಬರೆದೆ ಎಂದು.

“ನನ್ನನ್ನ ಕರೆಸ್ಕೊಳ್ಳೋಕೆ ದರ್ಜೆ ಬದಲಾಯಿಸ್ದೆ. ನೀನು ಬರೋ ಯೋಚನೆ ಒಂದಿನಾನಾದ್ರೂ ಮಾಡಿದ್ಯಾ? ಕಾಲುವೇನ ಕಾಸೆಲ್‌ಗೆ ಹೊತ್ಕೊಂಡು ಬರಕ್ಕಾಗುತ್ತಾ ಇನ್ಸ್‌ಪೆಕ್ಟರ್ ಸಾಹೇಬ್ರೇ? ತಕ್ಕಡಿ ಎಲ್ಲಾ ಊರಲ್ಲೂ ಇರುತ್ತೆ.”

ನಾಲ್ಕು ತಿಂಗಳಿಂದ ಅವಳು ಬರಲಿ, ಅವಳು ಬರಲಿ ಎಂದು ಹಂಬಲಿಸಿದವನಿಗೆ, ಅದೇ ಮೂರು ರೈಲು, ಒಂದು ಬಸ್ಸು ಆ ಕಡೆಗೂ ಓಡುತ್ತವೆ ಎಂದು ತೋಚಿರಲೇ ಇಲ್ಲ!

ಮರುದಿನವೇ ಅವಳ ಊರಿನ ಕಡೆಗೆ ನನ್ನ ವರ್ಗಾವಣೆಯ ಅರ್ಜಿ ಹೋಯಿತು. ಒಂದು ಚೌಕವೂ ಖಾಲಿಯಿಲ್ಲ, ಒಂದು ತಪ್ಪೂ ಇಲ್ಲ. ತುಂಬಿದವಳು ವೀಬ್ಕೆ. ಹಿಂದಿನ ಸಂಜೆಯ ರೈಲು ಬಿಟ್ಟು, ರಾತ್ರಿಯೆಲ್ಲ ಕೂತು ತುಂಬಿದಳು. ನನಗೆ ಸಹಿ ಮಾಡುವ ಜಾಗವನ್ನು ಬೆರಳಿಟ್ಟು ತೋರಿಸಿದಳು, ಅಷ್ಟೇ.