ಕ್ಯಾನಿನ್ಯಾಗ ಏನ್ ಹಾಕ್ತೀರಿ?

ಗದಗಿನ ಪೇಟೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟವನ ಹಣೆಬರಹವೆಂದರೆ ದಿನಾ ಸುಳ್ಳು ಕೇಳುವುದು. ಎಂಬತ್ತರ ದಶಕದಲ್ಲಿ ನಾನು ಹೊಸ ಕ್ಯಾನು, ಹಳೆ ಕ್ಯಾನು ಎರಡನ್ನೂ ಮಾರುತ್ತಿದ್ದೆ. ಮನೆಯಲ್ಲಿ ಕದ್ದುಮುಚ್ಚಿ ಬೆಲ್ಲದ ಕೊಳೆ ಹಾಕಿ, ಅಂದರೆ ಬೆಲ್ಲದ ನೀರನ್ನು ಹುಳಿಯಿಟ್ಟು, ಸೆರೆ ಮಾಡುವವರೇ ಅರ್ಧ ಗಿರಾಕಿಗಳು. ಕುಡಿದು ಹಾಳಾಗುವುದು ಅವರ ಕರ್ಮ. ನನ್ನ ಕ್ಯಾನಿನಿಂದ ಯಾರೂ ಸಾಯಬಾರದು ಎಂಬುದಷ್ಟೇ ನನ್ನ ಹಟ. ಅದಕ್ಕೆ ಒಳಗೆ ಏನು ಹಾಕುತ್ತಾರೆ ಎಂಬುದು ಗೊತ್ತಾಗಬೇಕು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಿದ್ದರು. ಈಗ ನೆನೆದರೂ ಮೈ ಉರಿಯುತ್ತದೆ.

೧. ಚಿಮಣಿ ಎಣ್ಣಿ

ಡೋಣಿ ಕಡೆಯ ರೈತನೊಬ್ಬ ಸೀಮೆಎಣ್ಣೆಗೆಂದು ಬಂದು, "ಚಿಮಣಿ ಎಣ್ಣಿ ಹಾಕಾಕ ಒಂದ್ ಹಳೇ ಕ್ಯಾನ್ ಕೊಡ್ರಿ" ಎಂದ. ಹತ್ತಿಗೆ ಹೊಡೆಯುವ ಔಷಧದ ಖಾಲಿ ಕ್ಯಾನಿತ್ತು. "ಇದರಾಗ ತಿನ್ನೂದು, ಕುಡಿಯೂದು ಹಾಕಬಾರದಪಾ. ಖರೆ ಚಿಮಣಿ ಎಣ್ಣಿಗೇ ಏನು?" ಎಂದೆ. ಎಲ್ಲಮ್ಮನ ಆಣೆ ಹಾಕಿದ.

ಹದಿನೈದು ದಿನಕ್ಕೆ ಅವನ ತಮ್ಮ ಬಂದು ನನ್ನ ಕೊರಳಪಟ್ಟಿ ಹಿಡಿದ. ಅಣ್ಣ ವಾಂತಿ ಮಾಡಿಕೊಂಡು ದವಾಖಾನೆ ಸೇರಿದ್ದ. ನಾನೂ ಓಡಿದೆ. ಡಾಕ್ಟರು ಮೂರನೇ ಸಲ ಕೇಳುತ್ತಿದ್ದರು, "ಏನ್ ಕುಡದೀಯೋ?" ಅವನು ನನ್ನ ಮುಖ ನೋಡಿ, ಕಣ್ಣು ಮುಚ್ಚಿ, "ಚಿಮಣಿ ಎಣ್ಣಿರೀ" ಎಂದ.

ಔಷಧದ ಕ್ಯಾನಿನಲ್ಲಿ ಹಾಕಿದ ಸೆರೆ ಎಂದು ನಾನು ನಿಜ ಹೇಳಿದ್ದರಿಂದ ಬದುಕಿದ. ಬದುಕಿ ಎದ್ದವನು ನನ್ನನ್ನು ಚಾಡಿಕೋರನೆಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅಂದಿನಿಂದ ಔಷಧದ ಕ್ಯಾನು ಮಾರುವುದು ಬಿಟ್ಟೆ.

೨. ಉಪ್ಪಿನಕಾಯಿ

ಲಕ್ಷ್ಮೇಶ್ವರದ ನಿವೃತ್ತ ಮಾಸ್ತರರು, ಹಣೆಯಲ್ಲಿ ಗಂಧ, ಹೆಗಲ ಮೇಲೆ ಶಲ್ಯ. "ಉಪ್ಪಿನಕಾಯಿಗೆ" ಎಂದರು. ಹೊಸ ಬಿಳಿ ಕ್ಯಾನು ಕೊಟ್ಟು, ಮುಚ್ಚಳ ಗಟ್ಟಿಯಾಗಿ ಬಿಗಿಯಿರಿ ಎಂದೆ. ಉಪ್ಪಿನಕಾಯಿಗೆ ಅದು ಸರಿ. ಕೊಳೆ ಹಾಕಿ ಬಿಗಿದರೆ ಒಳಗೆ ಗಾಳಿ ತುಂಬಿ ಸಿಡಿಯುತ್ತದೆ.

ವಾರದೊಳಗೆ ಸೀಳಿದ ಕ್ಯಾನು ಹಿಡಿದು ಬಂದರು. ಗಂಧದ ಜಾಗದಲ್ಲಿ ನಿಂಬೆಕಾಯಿ ಗಾತ್ರದ ಬಾವು. "ನಿನ್ನ ಮುಚ್ಚಳಾ ಹಾರಿ ಹಣಿಗೆ ಬಡೀತು."

"ಮಾಸ್ತರ, ಉಪ್ಪಿನಕಾಯಿ ಹಾರತೈತೇನ್ರಿ?"

ಬಾವು ಸವರಿಕೊಂಡು, "ಈ ವರ್ಷ ಮಾವಿನಕಾಯಿ ಭಾಳ ಜೋರ ಅದಾವಪಾ" ಎಂದರು.

೩. ನೇರಳೆ ಹಣ್ಣು

ಸಂಕ್ರಾಂತಿ ಹೊತ್ತಿಗೆ ಬೆಟಗೇರಿಯ ನೇಕಾರರ ಹೆಣ್ಣುಮಗಳೊಬ್ಬಳು ಕ್ಯಾನು ನನ್ನದೆಂದು ತಿಳಿದು ಗಂಡನನ್ನು ಅಂಗಡಿಗೆ ಎಳೆದು ತಂದಳು. "ನಾಲಿಗಿ ತೋರಸ್ರಿ ಇವರಿಗೆ." ನಾಲಿಗೆ ಅಚ್ಚ ನೀಲಿ. ನೂಲಿಗೆ ಹಾಕುವ ಬಣ್ಣದ ಕ್ಯಾನನ್ನು ಎಲ್ಲಿಂದಲೋ ತಂದು ಕೊಳೆ ಹಾಕಿದ್ದಾನೆಂದು ನನಗೆ ಕೂಡಲೇ ತಿಳಿಯಿತು.

"ನೇರಳಿ ಹಣ್ಣು ತಿಂದೇನ್ರಿ" ಎಂದ.

"ಗಿಡದಾಗ ಹೂ ಸೈತ ಬಿಟ್ಟಿಲ್ಲ" ಎಂದಳು ಹೆಂಡತಿ.

"ಹೋದ ವರ್ಷ ತಿಂದದ್ದು" ಎಂದ.

೪. ಖರೆ ಹೇಳಿದವ

ಸಾಕಾಗಿ ಬೋರ್ಡು ಬರೆಸಿ ತೂಗುಹಾಕಿದೆ: "ಒಳಗೆ ಏನು ಹಾಕುತ್ತೀರೆಂದು ನಿಜ ಹೇಳಿದವರಿಗೆ ಮಾತ್ರ ಕ್ಯಾನು." ಒಂದು ತಿಂಗಳು ನೊಣ ಕೂಡ ಒಳಗೆ ಬರಲಿಲ್ಲ. "ಒಂದು ಬೋರ್ಡ್ ಇರ್ಲಿ, ಇಲ್ಲಾ ಅಂಗಡಿ ಇರ್ಲಿ" ಎಂದು ಹೆಂಡತಿ ಬೈದಳು.

ಆಗ ಬಂದವನು ಶಿರಹಟ್ಟಿ ಕಡೆ ಮನೆಮನೆ ಹೊಕ್ಕು ಸೆರೆಯ ಗಡಿಗೆ ಒಡೆಯುತ್ತಿದ್ದ ಅಬಕಾರಿ ಜಮಾದಾರ. "ಎರಡು ದೊಡ್ಡ ಕ್ಯಾನ್ ಕೊಡು. ಔಷಧದ್ದು ಬ್ಯಾಡ, ಬಣ್ಣದ್ದು ಬ್ಯಾಡ. ಅಡಗಿ ಎಣ್ಣಿ ಬಂದದ್ದು ಬೇಕು. ಮುಚ್ಚಳಾ ಸಡಲ ಇರ್ಲಿ."

ನಾನು ಬೋರ್ಡು ತೋರಿಸಿ, ಹೆದರುತ್ತಲೇ ಕೇಳಿದೆ, "ಏನ್ ಹಾಕ್ತೀರಿ ಸಾಹೇಬ್ರ?"

"ಬೆಲ್ಲದ ಕೊಳಿ."

ನಾನು ಕೈಮುಗಿದೆ. "ಇಷ್ಟು ವರ್ಷದಾಗ ಖರೆ ಹೇಳಿದವ್ರು ನೀವೊಬ್ರರಿ."

"ಮಂದಿ ನಮಗ ಅಂಜಿ ಸುಳ್ಳು ಹೇಳತಾರ" ಎಂದು ಅವನು ಕ್ಯಾನು ಎತ್ತಿಕೊಂಡ. "ನಾ ಯಾರಿಗಿ ಅಂಜಲಿ?"