ಒಂದು ಕೆಮ್ಮು, ಒಂದು ಕೌದಿ

"ಈ ಮನಿಯೊಳಗ ನನಗ ಗೊತ್ತಾಗದಂಗ ಒಂದ ನೊಣಾನೂ ಬರಾಕ ಸಾಧ್ಯ ಇಲ್ಲ!" ಎಂದು ಬೈಲಹೊಂಗಲದ ಸಿದ್ಧಾರೂಢ ಭಾನುವಾರ ಬೆಳಿಗ್ಗೆ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಘೋಷಿಸಿದ. ಘೋಷಣೆಯ ಜೊತೆ ಒಂದಿಷ್ಟು ನೊರೆಯೂ ಹೊರಬಿತ್ತು.

ಹೆಂಡತಿ ರಂಜನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೊಣದ್ದು ಬಿಡ್ರಿ. ನಮ್ಮಪ್ಪ ಇವತ್ತ ಇಲ್ಲಾ ನಾಳಿ ಮುರಗೋಡದಿಂದ ಬರ್ತಾರ. ಮೀನಾನ್ನ ನಿಮ್ಮ ತಮ್ಮಗ ಕೊಡೂದೋ ಬ್ಯಾಡೋ, ಮನೀ ರೀತಿ ನೋಡಿ ಹೇಳ್ತೇನಿ ಅಂದಾರ. ನಿಮ್ಮ ಆಟಾ ಪೆಟ್ಟಿಗ್ಯಾಗ ಇಡ್ರಿ."

ತಮ್ಮ ಸಂಜು ಕನ್ನಡಿಯ ಮುಂದೆ ನಿಂತು, ಬಾಚಿದ ತಲೆಯನ್ನೇ ಮತ್ತೆ ಬಾಚುತ್ತಿದ್ದ. ಅತ್ತಿಗೆಯ ತಂಗಿ ಮೀನಾ ಎಂದರೆ ಅವನಿಗೆ ಜೀವ. "ಅಣ್ಣಾ, ಇವತ್ತೊಂದಿನ..." ಎಂದ. ಬಾಚಣಿಗೆ ಹಿಡಿದೇ ಕೈ ಮುಗಿದ.

ಅದು ೨೦೦೪ರ ಮಾತು. ಆ ಆಟವನ್ನು ಸೋದರಮಾವನ ಮಗ ಪುಣೆಯ ಹಾಸ್ಟೆಲಿನಿಂದ ತಂದುಕೊಟ್ಟಿದ್ದ. ಪಟವಿಲ್ಲ, ಕಾಯಿಲ್ಲ. ಇಪ್ಪತ್ತು ಮುಖದ ಒಂದು ದಾಳ, ಕಥೆ ಹೇಳುವವನೊಬ್ಬ. ಉಳಿದವರೆಲ್ಲ ಆ ಕಥೆಯೊಳಗಿನ ವೀರರು! ವಾರವಿಡೀ ಅಂಗಡಿಯಲ್ಲಿ ಕುಪ್ಪಸದ ಬಟ್ಟೆ ಅಳೆಯುವ ಸಿದ್ಧಾರೂಢ, ಭಾನುವಾರ ಕಥೆ ಹೇಳುವ ಮಹಾಪ್ರಭು. ಅವನ ಕಥೆಯಲ್ಲಿ ರಾಕ್ಷಸರು ತೊರಗಲ್ ಕೋಟೆಗೆ ಮುತ್ತಿಗೆ ಹಾಕಿದ್ದರು.

ಹಿಂದಿನ ವಾರ ಆ ರಾಕ್ಷಸರು ಬಂಡೆಯ ಹಿಂದೆ ಹೊಂಚು ಹಾಕಿ, ಗೆಳೆಯ ಮುತ್ತಪ್ಪನ ವೀರನ ಮೇಲೆ ಬಿದ್ದಿದ್ದರು. ಸಿದ್ಧಾರೂಢ ಗಂಟಲು ಸರಿಮಾಡಿಕೊಂಡು ನಿಯಮ ಹೇಳಿದ್ದ: ಹೊಂಚಿನ ಸುಳಿವು ಸಿಗದವನಿಗೆ ಮೊದಲ ಸುತ್ತು ಇಲ್ಲ. ಕೈ ಎತ್ತುವಂತಿಲ್ಲ, ಕಾಲು ಕೀಳುವಂತಿಲ್ಲ, ಬೆಚ್ಚಿಬಿದ್ದು ನಿಂತಿರಬೇಕು. ಸುಳಿವು ಸಿಕ್ಕವನಿಗೆ ಮಾತ್ರ ಈ ಬಾಧೆಯಿಲ್ಲ.

"ಕೈಯಾಗ ಕತ್ತಿ ಇದ್ದ ಗಂಡಸ ಗೊಂಬಿ ಹಂಗ ನಿಲ್ತಾನೇನಲೇ?" ಮುತ್ತಪ್ಪ ದಾಳ ಒಗೆದು ಎದ್ದುಹೋಗಿದ್ದ.

ಇವತ್ತು ಅವನು ಮತ್ತೆ ಆಟಕ್ಕೆ ಬರುವವನಿದ್ದ. ನಿಯಮವನ್ನು ಅವನ ಮೈಮೇಲೆಯೇ ತೋರಿಸಿಬಿಡುವುದೆಂದು ಸಿದ್ಧಾರೂಢ ನಿಶ್ಚಯಿಸಿದ. ತಲೆಬಾಗಿಲ ಕೀಲಿಗೆ ಶೇಂಗಾ ಎಣ್ಣೆ ಬಿಟ್ಟ. ಸಪ್ಪಳವಾದೀತೆಂದು ಉಡದಾರದ ಬೀಗದ ಕೈ ಬಿಚ್ಚಿಟ್ಟ. ಹಾಸಿಗೆಯ ಮೇಲಿನ ದಪ್ಪ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕದದ ಹಿಂದೆ ಉಸಿರು ಬಿಗಿಹಿಡಿದು ನಿಂತ.

"ಅದು ನಮ್ಮವ್ವ ಹೊಲಿದ ಕೌದಿ ರೀ!" ರಂಜನಾ ಚೀರಿದಳು.

"ಶ್! ರಣರಂಗದಾಗ ಹೆಂಗಸರ ದನಿ ಕೇಳಬಾರದು."

"ರಣರಂಗ ಆಮ್ಯಾಲ ಅಡಿಗಿಮನ್ಯಾಗ ಐತಿ, ತಾಳ್ರಿ!"

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಆಮೇಲೆ ಒಂದು ಕೆಮ್ಮು.

ನಮ್ಮ ಕಡೆ ಹಿರಿಯರು ಯಾರ ಮನೆಗೆ ಹೋದರೂ ಹೊಸ್ತಿಲ ಮುಂದೆ ನಿಂತು ಹಾಗೆ ಕೆಮ್ಮುತ್ತಾರೆ. ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಳ್ಳಲಿ, ಯಾರಾದರೂ ಕಾಲಿಗೆ ನೀರು ತರಲಿ ಎಂದು. ರಂಜನಾ ಸೆರಗು ಹೊದ್ದಳು. ಸಂಜು ಬಚ್ಚಲಿಗೆ ಓಡಿ ತಂಬಿಗೆಗೆ ಕೈ ಹಾಕಿದ. ಕದದ ಹಿಂದಿನ ಮಹಾಪ್ರಭು ಮಾತ್ರ, 'ಆಹಾ! ವೈರಿ ತಾನೇ ಸುಳಿವು ಕೊಟ್ಟ!' ಎಂದು ಹಿಗ್ಗಿದ. ಮುತ್ತಪ್ಪ ಹುಟ್ಟಿದಾಗಿನಿಂದ ಯಾರ ಹೊಸ್ತಿಲಲ್ಲೂ ಕೆಮ್ಮಿದವನಲ್ಲ ಎಂಬುದು ಆ ಮಹಾಮೇಧಾವಿಗೆ ಹೊಳೆಯಲೇ ಇಲ್ಲ.

"ಹರ ಹರ ಮಹಾದೇವ!"

ಹಾರಿದ. ಕೌದಿ ಬೀಸಿದ. ಕೌದಿ ಗಾಳಿಯನ್ನಷ್ಟೇ ಸೆರೆಹಿಡಿದು ನೆಲಕ್ಕೆ ಬಿತ್ತು. ಪಕ್ಕಕ್ಕೆ ಸರಿದು, ಬಗಲಲ್ಲಿ ಬುತ್ತಿಯ ಗಂಟು ಹಿಡಿದು ನಿಂತಿದ್ದವರು ಮಾವ ಬಸಲಿಂಗಪ್ಪ!

ಸಿದ್ಧಾರೂಢನ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ತೆರೆದ ಬಾಯಿ ಮುಚ್ಚಲಿಲ್ಲ. ತಂಬಿಗೆ ಹಿಡಿದು ಬಂದ ಸಂಜುವಿನ ಮುಖ ಸುಣ್ಣದಂತೆ ಬಿಳಿಚಿತ್ತು. ಅದನ್ನು ನೋಡಿ ಅಣ್ಣನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ತಪ್ಪಾಯಿತು ಎನ್ನಬೇಕು, ನಾಲಿಗೆ ಏಳದು. ಕಾಲಿಗೆ ಬೀಳಬೇಕು, ಮೊಣಕಾಲು ಬಾಗದು.

ಅಷ್ಟರಲ್ಲಿ ಮುತ್ತಪ್ಪ ಕೆಮ್ಮದೆ, ಕರೆಯದೆ ಒಳಗೆ ನುಗ್ಗಿದ. "ಯಾಕಲೇ ಆರೂಢಾ, ಹಿಂಗ ಗೊಂಬಿ ಹಂಗ ನಿಂತಿ?"

ಬೆಚ್ಚಿದವನು ಗೊಂಬೆಯಾಗುತ್ತಾನೆಂಬ ಸಿದ್ಧಾರೂಢನ ವಾದ ಗೆದ್ದಂತಾಯಿತು. ಗೆದ್ದವನಿಗೆ ಮಾತ್ರ ಅಳು ಬರುತ್ತಿತ್ತು.

ಬಸಲಿಂಗಪ್ಪ ಸಂಜು ಕೊಟ್ಟ ನೀರಿನಲ್ಲಿ ನಿಧಾನಕ್ಕೆ ಕಾಲು ತೊಳೆದು ಒಳಗೆ ಬಂದು ಕುಳಿತರು. "ಇದ್ಯಾವ ಪದ್ಧತಿವಾ ರಂಜನಾ?"

"ಆಟ ಅಂತಪಾ. ಅಡಗಿ ಕುಂತು ಮ್ಯಾಲ ಬಿದ್ರ ಮಂದಿ ಬೆಚ್ಚಿ ಗೊಂಬಿ ಆಗ್ತಾರಂತ." ಅವಳ ದನಿ ಅಳುವಂತಿತ್ತು.

"ನಾ ಯಾಕ ಬೆಚ್ಚಲಿ? ಕದದ ಕೆಳಗ ಎರಡ ಪಾದ ಎದ್ದ ಕಾಣಾಕ ಹತ್ತಿದ್ದೂ. ಮರ್ಯಾದಿಲೆ ಹೊರಗ ಬರಲಿ ಅಂತನ ಕೆಮ್ಮಿದೆ."

ಕೀಲಿಗೆ ಎಣ್ಣೆ ಬಿಟ್ಟ ಜಾಣ ತನ್ನ ಪಾದಗಳನ್ನು ನೋಡಿಕೊಂಡ. ಅವು ಎಲ್ಲರಿಗೂ ಕಾಣುವಷ್ಟು ದೊಡ್ಡವಾಗಿಯೇ ಇದ್ದವು.

"ಮಾವಾರ..." ಸಂಜು ಖಾಲಿ ತಂಬಿಗೆ ಹಿಡಿದೇ ಮುಂದೆ ಬಂದ. "ಮೀನಾನ ಮಾತು..."

ಬಸಲಿಂಗಪ್ಪ ಬುತ್ತಿಯ ಗಂಟನ್ನು ಮಗಳ ಕೈಗಿತ್ತರು. "ನೋಡವಾ, ನಾ ಕೆಮ್ಮಿದ್ದು ಒಂದ ಕೆಮ್ಮು. ಒಬ್ಬಾಂವ ನೀರ ತಂದ, ಒಬ್ಬಾಂವ ಕೌದಿ ತಂದ. ನೀರ ತಂದಾಂವಗ ಮೀನಾನ್ನ ಕಣ್ಣ ಮುಚ್ಚಿ ಕೊಡತೇನಿ."

ಸಂಜುವಿನ ಕೈಯ ತಂಬಿಗೆ ಠಣ್ಣೆಂದು ಬಿತ್ತು. ಬಸಲಿಂಗಪ್ಪ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ ಹಿರಿಯ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ಉದ್ದಕ್ಕೆ ಉಸಿರುಬಿಟ್ಟರು.

"ಕೌದಿ ತಂದಾಂವಗ ಮೊದಲ ಕೊಟ್ಟಬಿಟ್ಟೇನಿ. ಇನ್ನೇನ ಮಾಡೂದು!"